ಒತ್ತಮ್ಮನ ಸ್ವಿಚ್ಚು

ಅವಳ ವಿಷಯ ನನ್ನ ಕಿವಿಗೆ ಮೊದಲು ಬಿದ್ದದ್ದು ಎದುರಂಗಡಿಯ ದರ್ಜಿಯ ಬಾಯಿಂದ. ನಮ್ಮ ಲಾಂಡ್ರಿಯ ಮೇಲಿನ ಕೋಣೆ ಖಾಲಿ ಬಿದ್ದು ಬಹಳ ದಿನವಾಗಿತ್ತು. ಬಾಡಿಗೆಗೆ ಯಾರಾದರೂ ಸಿಕ್ಕಿದರೆ ಕಳಿಸಪ್ಪ ಎಂದು ಅವನಿಗೆ ಹೇಳಿಟ್ಟಿದ್ದೆ. ಒಂದು ಬೆಳಿಗ್ಗೆ ಸೀಸದಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡೇ ರಸ್ತೆ ದಾಟಿ ಬಂದ.

"ಒಬ್ಬಳು ಹೆಂಗಸು ಇದಾಳೆ ಅಕ್ಕ. ಒಂಟಿ. ಮರ್ಯಾದಸ್ಥೆ. ಗಲಾಟೆ ಇಲ್ಲ, ಗದ್ದಲ ಇಲ್ಲ. ಆದ್ರೆ..."

"ಆದ್ರೆ ಏನು? ನಾಯಿ ಸಾಕಿದಾಳಾ?"

"ನಾಯಿ ಆಗಿದ್ರೆ ಹೇಳೋದು ಸುಲಭ ಇತ್ತು. ಈಗಿರೋ ಕಟ್ಟಡದವರು ಬಿಡಿಸ್ತಾ ಇದಾರೆ. ಲಿಫ್ಟಿನ ಗುಂಡಿ ಒತ್ತಿ ಒತ್ತಿ ಲೊಡಲೊಡ ಅನ್ನೋ ಹಾಗೆ ಮಾಡಿಬಿಟ್ಟಳಂತೆ. ಹತ್ತೋದೂ ಇಲ್ಲ, ಇಳಿಯೋದೂ ಇಲ್ಲ. ಸುಮ್ನೆ ನಿಂತು ಒತ್ತೋದು."

ನನ್ನ ಮಗಳು ಒಳಗಿನಿಂದಲೇ, "ನಮ್ಮಲ್ಲಿ ಲಿಫ್ಟ್ ಇಲ್ವಲ್ಲ, ಬರೋಕೆ ಹೇಳಿ" ಎಂದಳು.

ಸಂಜೆಯೇ ಬಂದಳು. ನಲವತ್ತರ ಆಸುಪಾಸು, ಕಡ್ಡಿಯಂಥ ಮೈ, ಮೂಗಿನ ತುದಿಗೆ ಜಾರುವ ಕನ್ನಡಕ. ಕೋಣೆ ನೋಡಲು ಬಂದವರು ಮೊದಲು ಕಿಟಕಿ ತೆಗೆಯುತ್ತಾರೆ, ಇಲ್ಲವೇ ನಲ್ಲಿ ತಿರುಗಿಸುತ್ತಾರೆ, ಗೋಡೆಗೆ ತೇವ ಹತ್ತಿದೆಯೇ ಎಂದು ಕೈಯಿಟ್ಟು ನೋಡುತ್ತಾರೆ. ಇವಳು ಬಾಗಿಲ ಪಕ್ಕದ ದೀಪದ ಸ್ವಿಚ್ಚಿನ ಮುಂದೆ ನಿಂತುಬಿಟ್ಟಳು. ಹಾಕಿದಳು, ಆರಿಸಿದಳು. ಕಿವಿ ಹತ್ತಿರ ತಂದು ಒಮ್ಮೆ, ಕಣ್ಣು ಮುಚ್ಚಿಕೊಂಡು ಒಮ್ಮೆ, ಮೊಣಕೈಯಿಂದ ಒಮ್ಮೆ. ಕೆಳಗೆ ರಸ್ತೆಯಲ್ಲಿ ಹೋಗುವವರು ತಲೆಯೆತ್ತಿ ನೋಡಲಾರಂಭಿಸಿದರು.

"ಬಲ್ಬು ಹೊಸದು ಕಣಮ್ಮ, ಸ್ವಲ್ಪ ಕರುಣೆ ಇರಲಿ" ಎಂದೆ.

"ಬಲ್ಬಲ್ಲ ದೊಡ್ಡಮ್ಮ, ಈ ಸ್ವಿಚ್ಚು. ದೀಪ ಸುಟ್ಟುಹೋಗಿದ್ರೂ ಹಾಕಿದೀನಾ ಆರಿಸಿದೀನಾ ಅಂತ ಬೆರಳಿಗೇ ಗೊತ್ತಾಗುತ್ತೆ. ಇಂಥದ್ದು ಈಗ ಸಿಗಲ್ಲ. ಕೋಣೆ ತಗೋತೀನಿ."

ಕಿಟಕಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ಅಂದಿನಿಂದ ಅವಳು ನಮಗೆ ಒತ್ತಮ್ಮ. ಮೊದಮೊದಲು ಬೆನ್ನ ಹಿಂದೆ ಹಾಗೆನ್ನುತ್ತಿದ್ದೆವು, ಆಮೇಲೆ ಎದುರಿಗೇ. ಅವಳೂ ಓಗೊಡುತ್ತಿದ್ದಳು. ಅಂಗಡಿಯ ಮುಂಗಟ್ಟೆಯ ಮೇಲೆ ಗಿರಾಕಿಗಳು ತಟ್ಟಿ ಕರೆಯುವ ಪುಟ್ಟ ಗಂಟೆಯೊಂದಿತ್ತು. ಹೋಗುವಾಗ ಒಂದು ಟಿಣ್, ಬರುವಾಗ ಒಂದು ಟಿಣ್. ಪ್ರತಿ ಸಲವೂ ಮಗಳು ಗಿರಾಕಿ ಬಂದರೆಂದು ಒಳಗಿನಿಂದ ಓಡಿಬಂದು, ಕೊನೆಗೆ ಗಂಟೆಯನ್ನೇ ಕಪಾಟಿನಲ್ಲಿ ಬಚ್ಚಿಟ್ಟಳು.

ಕೆಲಸವೇನಮ್ಮ ನಿನ್ನದು ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದಿಷ್ಟು: "ಕಂಪ್ಯೂಟರ್ ಪರದೆ ಮೇಲೆ ಒತ್ತೋ ಗುಂಡಿ ಇರುತ್ತಲ್ಲ, ಬರೆಯೋ ಚೌಕ, ಮುಟ್ಟಿದ್ರೆ ಕೆಳಗೆ ಬಿಚ್ಕೊಳ್ಳೋ ಪಟ್ಟಿ, ತಾರೀಖು ಆರಿಸೋ ಕ್ಯಾಲೆಂಡರು, ಪಕ್ಕದಲ್ಲಿ ಮೇಲೆ ಕೆಳಗೆ ಜಾರೋ ದಂಡೆ. ಅವನ್ನ ಮಾಡ್ತೀನಿ."

"ಅವೆಲ್ಲ ಕಂಪ್ಯೂಟರ್ ಜೊತೆಗೇ ಬರಲ್ವಾ?" ಎಂದಳು ಮಗಳು.

"ಬಾಗಿಲ ಜೊತೆಗೆ ಚಿಲಕ ಹುಟ್ಟಿ ಬರುತ್ತಾ ಅಕ್ಕ?"

ಆಗ ನನಗೆ ಹೊಳೆಯಿತು. ಮನೆ ಕಟ್ಟುವವರು ಬೇರೆ, ಚಿಲಕ, ಕೀಲು, ಹಿಡಿಕೆ ಮಾಡುವವರು ಬೇರೆ. ಆಸ್ಪತ್ರೆಗೆ, ಬ್ಯಾಂಕಿಗೆ, ಗೋದಾಮಿಗೆ ಪ್ರೋಗ್ರಾಮ್ ಬರೆಯುವವರು ಇವಳ ಕಂಪನಿಯಿಂದ ಇಂಥ ಬಿಡಿಭಾಗಗಳನ್ನು ಕೊಂಡು ತಮ್ಮ ಪರದೆಗೆ ಜೋಡಿಸಿಕೊಳ್ಳುತ್ತಾರೆ. ಆ ಬಿಡಿಭಾಗಗಳ ಕಂತೆಗೆ ಲೈಬ್ರರಿ ಎಂದು ಹೆಸರಂತೆ. ಒಂದು ಪುಸ್ತಕವಿಲ್ಲ, ಲೈಬ್ರರಿಯಂತೆ. ಅದನ್ನು ಕೇಳಿ ದರ್ಜಿ ನಕ್ಕ ರಭಸಕ್ಕೆ ಯಾರದೋ ತೋಳಿನ ಹೊಲಿಗೆ ಸೊಟ್ಟಗಾಯಿತು.

ಈ ಲೈಬ್ರರಿ ಎಂಬುದು ಒಂದು ಕಡೆ ಕೂತಿರುವ ಜಾತಿಯದಲ್ಲ. ಆಗಾಗ ಹೊಸ ಅಪ್‌ಡೇಟ್ ಬರುತ್ತಿರಬೇಕು. ಅದರ ಜೊತೆಗೆ 'ಹೊಸದೇನು' ಎಂಬ ಒಂದು ಬರಹ. ಅದನ್ನು ಬರೆಯುವವಳೂ ಇವಳೇ. ಬರೆದದ್ದನ್ನು ಕೆಳಗೆ ತಂದು, ನಾನು ಇಸ್ತ್ರಿ ಮಾಡುವ ಮೇಜಿನ ಆಚೆ ಸ್ಟೂಲು ಎಳೆದುಕೊಂಡು ಓದುವಳು. ನಮಗೆ ಅರ್ಥವಾದರೆ ಲೋಕಕ್ಕೆಲ್ಲ ಅರ್ಥವಾದಂತೆ ಎಂಬುದು ಅವಳ ಲೆಕ್ಕಾಚಾರ. ಇದು ಹೊಗಳಿಕೆಯೋ ತೆಗಳಿಕೆಯೋ ನಾನು ವಿಚಾರಿಸಲು ಹೋಗಲಿಲ್ಲ.

"'ಕ್ಯಾಲೆಂಡರಿನಲ್ಲಿ ವಾರವು ಯಾವ ದಿನದಿಂದ ಆರಂಭವಾಗಬೇಕೆಂದು ಇನ್ನು ಮುಂದೆ ನೀವೇ ಆರಿಸಬಹುದು.'"

"ಎಲ್ಲಿಂದ ಆರಂಭ ಆದ್ರೂ ಒಗೆಯೋ ಬಟ್ಟೆ ಅಷ್ಟೇ ಇರುತ್ತಲ್ಲೇ."

"'ಉದ್ದನೆಯ ಪಟ್ಟಿಯಲ್ಲಿ ಎರಡು ಅಕ್ಷರ ಬರೆದರೆ ಸಾಕು, ಬೇಕಾದ ಹೆಸರು ತಾನಾಗಿ ಮೇಲೆ ಬರುತ್ತದೆ.'"

"ಇದು ಒಳ್ಳೇದು. ಸೇರಿಸು."

"ಸೇರಿಸಿ ಆಗಿದೆ ದೊಡ್ಡಮ್ಮ. ನಿಮ್ಮ ಅಪ್ಪಣೆಗೆ ಕಾದಿರಲಿಲ್ಲ. 'ಎಲ್ಲ ಬಿಡಿಭಾಗಗಳಿಗೂ ಈಗ ಕಪ್ಪು ಉಡುಪು ಲಭ್ಯ.'"

"ಕಪ್ಪು ಬೇಡ ಕಣೆ. ಒಂದು ಎಳೆ ದಾರ ಬಿದ್ರೂ ಎದ್ದು ಕಾಣುತ್ತೆ."

ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಹಣೆ ಗಂಟಿಕ್ಕಿ ಕೂತವಳು, "ಹೌದು, ಅಂಚಿನ ಗೆರೆ ತೀರಾ ಎದ್ದು ಕಾಣ್ತಾ ಇದೆ" ಎಂದು ಮೆಟ್ಟಿಲು ಹತ್ತಿ ಓಡಿದಳು. ಒಂದು ಕಾಲಿಗೆ ಅವಳ ಚಪ್ಪಲಿ, ಇನ್ನೊಂದಕ್ಕೆ ನನ್ನದು.

ಅವಳ ಪ್ರಾಣವೆಲ್ಲ ಇದ್ದದ್ದು ಒಂದು ಸ್ವಿಚ್ಚಿನಲ್ಲಿ. ಗೋಡೆಯದಲ್ಲ, ಪರದೆಯದು. ಬಂದಾಗಿನಿಂದ ಅದನ್ನೇ ಮಾಡುತ್ತಿದ್ದಳು. ಪರದೆಯ ಮೇಲೆ ಸಣ್ಣದೊಂದು ಗುಳಿಗೆಯಾಕಾರ, ಅದರೊಳಗೆ ದುಂಡನೆಯ ಬಿಲ್ಲೆ. ಒತ್ತಿದರೆ ಬಿಲ್ಲೆ ಆಚೆ ಬದಿಗೆ ಜಾರಿ ಹಸಿರಾಗುವುದು, ಮತ್ತೆ ಒತ್ತಿದರೆ ಈಚೆಗೆ ಬಂದು ಬಿಳಿಚಿಕೊಳ್ಳುವುದು. ಇಷ್ಟಕ್ಕೆ ಅಷ್ಟೊಂದು ದಿನ ಬೇಕೇ ಎಂದರೆ, "ಮೇಲಿನ ಕೋಣೆಯ ಸ್ವಿಚ್ಚು ಎಷ್ಟು ಖಡಾಖಂಡಿತವಾಗಿ ಹೇಳುತ್ತೋ ಇದೂ ಅಷ್ಟೇ ಖಡಾಖಂಡಿತವಾಗಿ ಹೇಳ್ಬೇಕು ದೊಡ್ಡಮ್ಮ. ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ" ಎನ್ನುವಳು.

ಅದನ್ನು ಪರೀಕ್ಷೆ ಮಾಡಲು ನಮ್ಮ ಅಂಗಡಿಗೇ ಒಂದು ಪ್ರೋಗ್ರಾಮ್ ಮಾಡಿಕೊಟ್ಟಳು. ಬಂದ ಬಟ್ಟೆಗೆಲ್ಲ ಒಂದೊಂದು ಸಾಲು, ಸಾಲಿನ ಕೊನೆಗೆ ಒಂದೊಂದು ಸ್ವಿಚ್ಚು. ಇಸ್ತ್ರಿ ಮುಗಿದ ಕೂಡಲೇ ಸ್ವಿಚ್ಚು ಒತ್ತಿದರೆ ಗಿರಾಕಿಯ ಫೋನಿಗೆ ಸಂದೇಶ ಹೋಗುತ್ತದೆ: ನಿಮ್ಮ ಬಟ್ಟೆ ಸಿದ್ಧವಾಗಿದೆ. ಏನೋ ಕಲೆ ಉಳಿದುಹೋಯಿತೆಂದು ವಾಪಸು ಒತ್ತಿದರೆ: ನಿಮ್ಮ ಬಟ್ಟೆ ಸಿದ್ಧವಾಗಿಲ್ಲ, ಕ್ಷಮಿಸಿ. ನನ್ನ ಬಲಗೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇರುವುದರಿಂದ ಮೌಸನ್ನು ಎಡಕ್ಕೆ ಇಟ್ಟುಕೊಟ್ಟಿದ್ದಳು. ಮಗಳು ಮೂಗು ಮುರಿದಳು. ನಾನು ಎರಡೇ ದಿನಕ್ಕೆ ಪಳಗಿದೆ.

ಆ ಸಲದ ಅಪ್‌ಡೇಟ್‌ಗೆ ಈ ಸ್ವಿಚ್ಚೇ ಮದುಮಗಳು. ಕಂಪನಿಯ ಯಜಮಾನ ಮೊದಲೇ ಹೇಳಿಬಿಟ್ಟಿದ್ದ: ಹೇಳಿದ ದಿನಕ್ಕೆ ಇದು ಹೊರಗೆ ಬರಬೇಕು, ಕೊಂಡವರು ಮೆಚ್ಚಬೇಕು. ಇಲ್ಲದಿದ್ದರೆ ಬಿಡಿಭಾಗದ ವಿಭಾಗವನ್ನೇ ಮುಚ್ಚಿ ಬೇರೆ ಕಂಪನಿಯದನ್ನು ತರುತ್ತೇನೆ ಎಂದು. ವಿಭಾಗ ಅಂದರೆ ಏನು, ಒತ್ತಮ್ಮ ಮತ್ತು ಒತ್ತಮ್ಮನ ಕುರ್ಚಿ. ಆ ಕುರ್ಚಿ ಹೋದರೆ ಅವಳು ಬೇರೆ ಊರು ಹುಡುಕಬೇಕು, ನಾನು ಬೇರೆ ಬಾಡಿಗೆಯವರನ್ನು ಹುಡುಕಬೇಕು. ಬಾಡಿಗೆಯವರು ಸಿಕ್ಕಾರು. ಒಂದು ಕಾಲಿಗೆ ನನ್ನ ಚಪ್ಪಲಿ ಹಾಕಿಕೊಂಡು ಹೋಗುವವರು ಎಲ್ಲಿ ಸಿಗುತ್ತಾರೆ?

ಸ್ವಿಚ್ಚು ಹೊರಗೆ ಬರಲು ಇನ್ನು ಕೆಲವೇ ದಿನ ಉಳಿದಿದ್ದಾಗ ಶಾಲೆಯ ಮೇಷ್ಟರೊಬ್ಬರು ಏದುಸಿರು ಬಿಡುತ್ತ ಅಂಗಡಿಗೆ ಬಂದರು. ಅವರ ಕೋಟನ್ನು ಆಗಷ್ಟೇ ಇಸ್ತ್ರಿ ಮಾಡಿ ತೂಗುಹಾಕಿದ್ದೆ.

"ಏನಮ್ಮ ಇದು, ನನ್ನ ಕೋಟಿಗೆ ಏನಾಗಿದೆ?"

"ಏನಾಗಿದೆ? ಚೆನ್ನಾಗೇ ಇದೆ."

"ಹೊಸ್ತಿಲ ಮೇಲೆ ನಿಂತು ಒಳಗೆ ಹೋಗ್ಲಾ ಹೊರಗೆ ಹೋಗ್ಲಾ ಅಂತ ಯೋಚಿಸ್ತಾ ಇದೆಯಾ?" ಎಂದು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಸಿದ್ಧವಾಗಿದೆ. ಸಿದ್ಧವಾಗಿಲ್ಲ, ಕ್ಷಮಿಸಿ. ಸಿದ್ಧವಾಗಿದೆ. ಸಿದ್ಧವಾಗಿಲ್ಲ, ಕ್ಷಮಿಸಿ. ಪರದೆ ತುಂಬ ಅದೇ. ತರಗತಿಗೆ ಫೋನು ತಂದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬೈಯುತ್ತಿದ್ದರಂತೆ. ಆಗ ಅವರದೇ ಜೇಬು ಟಿಣ್ ಟಿಣ್ ಟಿಣ್ ಎಂದು ಬಡಿದುಕೊಂಡಿದೆ. ಮೊದಲನೇ ಕ್ಷಮಿಸಿಗೆ ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರಂತೆ, ಆಮೇಲೆ ಮುಚ್ಚಿಕೊಳ್ಳಲೂ ಇಲ್ಲವಂತೆ.

ಒತ್ತಮ್ಮನನ್ನು ಕೂಗಿದೆ. ಫೋನು ನೋಡಿದವಳ ಮುಖ ಒಗೆದ ಬಟ್ಟೆಯಾಯಿತು.

"ದೊಡ್ಡಮ್ಮ, ಏನು ಮಾಡಿದ್ರಿ?"

"ಒತ್ತಿದೆ."

"ಹೇಗೆ ಒತ್ತಿದ್ರಿ?"

"ಬೆರಳಲ್ಲಿ."

"ಇನ್ನೊಂದು ಸಲ ಒತ್ತಿ, ನೋಡೋಣ."

ನಾನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, ಕೈ ಒರೆಸಿಕೊಂಡು, ನೆಟ್ಟಗೆ ಕೂತು, ಕೂಸಿನ ಕೆನ್ನೆ ಮುಟ್ಟುವ ಹಾಗೆ ಮೌಸನ್ನು ಒತ್ತಿದೆ. ಸ್ವಿಚ್ಚು ಒಂದೇ ಸಲ ಜಾರಿ ಹಸಿರಾಗಿ ನಿಂತಿತು. ಮತ್ತೆ ಒತ್ತಿದೆ, ಬಿಳಿಯಾಯಿತು. ಮನೆಗೆ ಬಂದ ನೆಂಟರ ಮುಂದೆ ಕೈಕಟ್ಟಿ ನಿಲ್ಲುವ ಪೋಕರಿ ಮಗುವಿನ ಹಾಗೆ, ಅಷ್ಟು ವಿನಯ. ಮರುದಿನವೂ ಅದೇ ಕತೆ, ಅದರ ಮರುದಿನವೂ ಅದೇ. ಅವಳು ಎದುರಿಗೆ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದರೆ ಏನೂ ಆಗುವುದಿಲ್ಲ. ಅವಳು ಮೇಲೆ ಹೋದಳೋ, ಯಾರದೋ ಕೋಟು ಹುಚ್ಚೆದ್ದು ಸಂದೇಶ ಕಳಿಸಿ, ಇನ್ನೊಬ್ಬರು ಏದುಸಿರು ಬಿಡುತ್ತ ಬರುತ್ತಿದ್ದರು.

"ನನ್ನ ಕೈದೇ ತಪ್ಪಿರಬೇಕು ಕಣೆ. ವಯಸ್ಸಾಯ್ತು. ನೀನು ನಿನ್ನ ಪಾಡಿಗೆ ಕಳಿಸಿಬಿಡು" ಎಂದೆ. ಅವಳ ಕುರ್ಚಿ ಉಳಿಯಲಿ ಎಂಬುದೇ ನನ್ನ ಆಸೆ.

"ಒತ್ತೋರ ಕೈಯಲ್ಲಿ ತಪ್ಪಿರಲ್ಲ ದೊಡ್ಡಮ್ಮ. ಇದನ್ನ ಆಸ್ಪತ್ರೆಯವರೂ ತಗೋತಾರೆ. ಮಾತ್ರೆ ಕೊಟ್ಟಾಯ್ತು, ಕೊಟ್ಟಿಲ್ಲ, ಕೊಟ್ಟಾಯ್ತು, ಕೊಟ್ಟಿಲ್ಲ ಅಂತ ಅಲ್ಲಿ ಕುಣಿದ್ರೆ?"

ಅವಳು ಅಲ್ಲೇ ನಿಂತು ತನ್ನ ಮೇಲಧಿಕಾರಿಗೆ ಫೋನು ಮಾಡಿದಳು. ಏನು ಹೇಳಿದರೂ ಆಗ್ಲಿಬಿಡಿ ಎನ್ನುವ ಮನುಷ್ಯನಾದ್ದರಿಂದ ಅವನಿಗೆ ಆ ಹೆಸರನ್ನೇ ಇಟ್ಟಿದ್ದಳು. ಸ್ವಿಚ್ಚು ಇನ್ನೂ ಹೊರಗೆ ಹೋಗುವಂತಿಲ್ಲ ಎಂದಳು. ಅವನ ದನಿ ನನಗೂ ಕೇಳಿಸುತ್ತಿತ್ತು.

"ಒಂದು ಲಾಂಡ್ರೀಲಿ ಒಬ್ಬರು ಅಜ್ಜಿ. ಆಗ್ಲಿಬಿಡಿ, ಕಳಿಸೋಣ."

"ತಪ್ಪಿದೆ ಸರ್."

"ತಡ ಆದ್ರೆ ಯಜಮಾನರು ವಿಭಾಗ ಮುಚ್ತಾರೆ. ಕೂತಿರೋ ಕೊಂಬೆ ನೀವೇ ಕಡೀತಾ ಇದೀರ. ಸರಿ, ನಾಳೆ ಬರ್ತೀನಿ. ನನ್ನ ಕಣ್ಣಿಗೆ ತೋರಿಸಿ. ತೋರಿಸೋಕಾಗಲಿಲ್ಲ ಅಂದ್ರೆ ಸಂಜೆಗೆ ಕಳಿಸೋದೇ."

ತಪ್ಪು ಕಂಡರೆ ಅವಳ ಕುರ್ಚಿಗೆ ಸಂಚಕಾರ. ಕಾಣದಿದ್ದರೆ ಆ ಕುಣಿಯುವ ಸ್ವಿಚ್ಚು ಆಸ್ಪತ್ರೆಗೆ ಹೋಗುತ್ತದೆ. ಆದರೂ ಮರುದಿನ ಅವಳು ಬೆಳಗಿನಿಂದ ಒಂದೇ ಸಮನೆ ಬೇಡಿಕೊಳ್ಳುತ್ತಿದ್ದದ್ದು, ದೊಡ್ಡಮ್ಮ ಹೇಗಾದರೂ ಮಾಡಿ ಕೆಡಿಸಿ ತೋರಿಸಿ ಎಂದು. ಕೆಡಿಸಬೇಡ ಎಂದು ಬೈಸಿಕೊಂಡೇ ಬೆಳೆದವಳು ನಾನು. ಕೆಡಿಸು ಎಂದರೆ ಕೈ ಓಡಬೇಕಲ್ಲ.

ಆಗ್ಲಿಬಿಡಿ ಬಂದ. ಗುಂಡಗೆ, ನಗುಮುಖದವನು. ದರ್ಜಿ ತನ್ನ ಅಂಗಡಿಗೆ ಬೀಗ ಹಾಕಿ ಬಂದು ಮೂಲೆಯಲ್ಲಿ ಜಾಗ ಹಿಡಿದಿದ್ದ. ಮಗಳು ಕುರ್ಚಿ ಕೊಟ್ಟಳು. ನಾನು ಒತ್ತಿದೆ. ಒಂದೇ ಸಲ ಹಸಿರು. ಒತ್ತಿದೆ. ಒಂದೇ ಸಲ ಬಿಳಿ. ಬಲಗೈಯಲ್ಲಿ ಒತ್ತಿದೆ, ಎಡಗೈಯಲ್ಲಿ ಒತ್ತಿದೆ.

"ಅಮ್ಮನವರು ಅಚ್ಚುಕಟ್ಟಾಗಿ ಒತ್ತುತಾರಲ್ಲ" ಎಂದು ಅವನು ಎದ್ದ. "ಆಗ್ಲಿಬಿಡಿ. ಸಂಜೆ ಕಳಿಸೋಣ."

ಒತ್ತಮ್ಮ ಮುಂಗಟ್ಟೆಯ ಮೇಲೆ ಗಂಟೆ ಇದ್ದ ಜಾಗವನ್ನು ಬೆರಳಿನಿಂದ ಸುಮ್ಮನೆ ಒತ್ತುತ್ತಿದ್ದಳು.

ಅವನು ಬಾಗಿಲ ಕಡೆ ತಿರುಗಿದ. ಆಗ ಕಂಡಿತು ನನಗೆ ಅವನ ಕೋಟಿನ ಬೆನ್ನು. ಕಾರಿನಲ್ಲಿ ಒರಗಿ ಕೂತು ಬಂದು, ಹಿಂಡಿ ಒಣಗಿಸಿದ ಹಾಗೆ ಮುದುಡಿಹೋಗಿತ್ತು.

"ನಿಂತ್ಕೊಳಪ್ಪ" ಎಂದೆ. "ಈ ಬೆನ್ನು ಹೊತ್ಕೊಂಡು ನಮ್ಮ ಅಂಗಡಿಯಿಂದ ಹೊರಗೆ ಹೋದ್ರೆ ನೋಡಿದೋರು ನನ್ನ ಬಗ್ಗೆ ಏನಂದ್ಕೋತಾರೆ? ಬಿಚ್ಚು."

"ಪರವಾಗಿಲ್ಲ ಅಮ್ಮ, ಆಗ್ಲಿ..."

"ಬಿಚ್ಚು ಅಂದೆ."

ಬಿಚ್ಚಿಕೊಟ್ಟ. ಬರೆದುಕೊಳ್ಳದೆ ಯಾರ ಬಟ್ಟೆಯನ್ನೂ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಮಗಳು ಅವನ ಫೋನಿನ ಸಂಖ್ಯೆ ಕೇಳಿ ಕಂಪ್ಯೂಟರಿಗೆ ಹಾಕಿದಳು. ನಾನು ಕೋಟನ್ನು ಮೇಜಿನ ಮೇಲೆ ಹರಡಿ, ಮೇಲೊಂದು ಒದ್ದೆ ಬಟ್ಟೆ ಹಾಸಿ ಶುರುಮಾಡಿದೆ. ಬೆನ್ನಿನ ನಡುವಿನ ಸುಕ್ಕು ಮಹಾ ಹಟಮಾರಿ. ನಮ್ಮ ಯಜಮಾನರು ಮದುವೆಯಾದ ಹೊಸದರಲ್ಲಿ ಕಲಿಸಿದ್ದೇ ಹೀಗೆ: ದಪ್ಪ ಬಟ್ಟೆಯ ಮೇಲೆ ಉಜ್ಜಬೇಡ, ಒತ್ತು, ಒಂದು ಉಸಿರು ಪೂರ್ತಿ ಎಳೆದು ಬಿಡುವವರೆಗೆ ಹಿಡಿದುಕೋ, ಆಮೇಲೆ ಎತ್ತು. ಅವರು ಹೋದರೂ ಆ ಉಸಿರು ನನ್ನ ಕೈಯಲ್ಲಿ ಉಳಿದಿದೆ. ಬಲಗೈಯಲ್ಲಿ ಒತ್ತಿ ಹಿಡಿದೆ. ಇದಾದರೆ ಕೋಟು ಮುಗಿಯಿತು ಎಂದು ಎಡಗೈ ಅಭ್ಯಾಸಬಲದಿಂದ ಮೌಸಿನ ಮೇಲೆ ಹೋಯಿತು.

ಟಿಣ್. ಟಿಣ್. ಟಿಣ್. ಟಿಣ್.

ಆಗ್ಲಿಬಿಡಿಯ ಪ್ಯಾಂಟಿನ ಜೇಬು ಜೀವ ಬಂದ ಹಾಗೆ ಅದುರತೊಡಗಿತು. ಫೋನು ತೆಗೆದು ಓದಿದ. "ಸಿದ್ಧವಾಗಿದೆ. ಸಿದ್ಧವಾಗಿಲ್ಲ, ಕ್ಷಮಿಸಿ. ಸಿದ್ಧವಾಗಿದೆ..."

"ದೊಡ್ಡಮ್ಮ, ಕೈ ಎತ್ತಬೇಡಿ" ಎಂದು ಒತ್ತಮ್ಮ ನೆಗೆದು ಬಂದಳು.

"ಯಾವ ಕೈ?"

"ಎರಡೂ."

"ಕೋಟು ಸುಡುತ್ತೆ ಕಣೇ."

"ಸುಡಲಿ."

"ಆಗ್ಲಿ..." ಎಂದ ಆಗ್ಲಿಬಿಡಿ, ಅಭ್ಯಾಸಬಲ. ಉಳಿದರ್ಧ ಗಂಟಲಲ್ಲೇ ನಿಂತಿತು. "ಅಲ್ಲ, ಕೋಟು ನನ್ನದು."

ಒತ್ತಮ್ಮ ಮೇಜಿಗೆ ಕೆನ್ನೆ ತಾಗಿಸಿ ನನ್ನ ಎಡಗೈಯನ್ನೇ ನೋಡುತ್ತಿದ್ದಳು. ಬಲಗೈ ಇಸ್ತ್ರಿ ಒತ್ತಿ ಹಿಡಿದಾಗ ನನ್ನ ಎಡಗೈಯೂ ಜೊತೆಗೆ ಒತ್ತಿ ಹಿಡಿಯುತ್ತದೆ. ನನಗೇ ಗೊತ್ತಿರಲಿಲ್ಲ. ಬೆರಳು ಮೌಸಿನ ಮೇಲೆ ಒಂದು ಉಸಿರು ಪೂರ್ತಿ ಕೂತಿರುತ್ತದೆ. ಅಷ್ಟು ಹೊತ್ತೂ ಪರದೆಯ ಮೇಲೆ ಸ್ವಿಚ್ಚು ನೀರಿನಿಂದ ತೆಗೆದ ಮೀನಿನ ಹಾಗೆ ಆಚೆ ಈಚೆ ಬಡಿದುಕೊಳ್ಳುತ್ತಿತ್ತು. ಇಸ್ತ್ರಿ ಕೆಳಗಿಟ್ಟು ಕೂತು ಒತ್ತಿದರೆ ಕೈಗೆ ಆ ನೆನಪೇ ಬರುವುದಿಲ್ಲ. ಅವಳ ಆಫೀಸಿನವರಂತೂ ಮುಟ್ಟಿದೆಯೋ ಇಲ್ಲವೋ ಎನ್ನುವಷ್ಟರಲ್ಲಿ ಬೆರಳು ತೆಗೆಯುವವರು.

"ಅಯ್ಯೋ, ಅಪ್ಪನ ಗುಣ" ಎಂದಳು ಒತ್ತಮ್ಮ. ಆಮೇಲೆ ಎಲ್ಲರಿಗೂ ಬಿಡಿಸಿ ಹೇಳಿದಳು. ಪಕ್ಕದಲ್ಲಿ ಜಾರುವ ದಂಡೆಯ ತುದಿಯಲ್ಲಿ ಬಾಣದ ಗುಂಡಿ ಇರುತ್ತದಲ್ಲ, ಅದನ್ನು ಒತ್ತಿ ಹಿಡಿದರೆ ಪುಟ ಜಾರುತ್ತಲೇ ಇರಬೇಕು, ಅದು ಅದರ ಧರ್ಮ. ಇವಳು ಆ ಗುಂಡಿಯನ್ನೇ ಬುನಾದಿಯಾಗಿ ಇಟ್ಟುಕೊಂಡು ಸ್ವಿಚ್ಚನ್ನು ಕಟ್ಟಿದ್ದಳು. ಹಿಡಿದಷ್ಟು ಹೊತ್ತೂ ಮತ್ತೆ ಮತ್ತೆ ಒತ್ತಿದಂತೆ ತಿಳಿಯುವ ಅಪ್ಪನ ಗುಣ ಮಗುವಿಗೂ ಬಂದುಬಿಟ್ಟಿತ್ತು. ಹೇಳುತ್ತ ಹೇಳುತ್ತ ನಕ್ಕಳು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಕಂಡದ್ದಕ್ಕೆ ನಕ್ಕಳೋ, ಕಂಡದ್ದರಿಂದ ಏನಾಗುವುದೋ ಎಂದು ಅತ್ತಳೋ, ಎರಡೂ ಇದ್ದಿರಬೇಕು.

ಆಗ್ಲಿಬಿಡಿ ಬರೀ ಅಂಗಿಯಲ್ಲಿ ಕೂತು ಯಜಮಾನನಿಗೆ ಫೋನು ಹಚ್ಚಿದ. "ಕಣ್ಣಾರೆ ನೋಡಿದೆ ಸರ್. ತಡ ಆಗುತ್ತೆ." ಆ ಕಡೆಯಿಂದ ಕೂಗಾಟ. ಇವನು ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡು, ನನ್ನ ಕಡೆ ನೋಡಿ, ಕೋಟು ಉಳಿಯಿತೇ ಎಂದು ಸನ್ನೆಯಲ್ಲೇ ಕೇಳಿದ. ಒದ್ದೆ ಬಟ್ಟೆ ಕಾಪಾಡಿತ್ತು. ಸುಕ್ಕೂ ಹೋಗಿತ್ತು.

ಆ ವಾರ ಒತ್ತಮ್ಮ ಮೇಲಿನಿಂದ ಇಳಿದದ್ದೇ ಅಪರೂಪ. ಮೇಲೆ ದೀಪದ ಸ್ವಿಚ್ಚು ಮಾತ್ರ ಟಕ್ ಟಕ್ ಎನ್ನುತ್ತಿತ್ತು, ಯೋಚನೆ ಮಾಡುತ್ತಿದ್ದಾಳೆ ಎಂದು ನಾವು ತಿಳಿದುಕೊಳ್ಳುತ್ತಿದ್ದೆವು. ಸ್ವಿಚ್ಚು ತಡವಾಗಿ ಹೊರಗೆ ಹೋಯಿತು. ಕೊಂಡವರು ಗೊಣಗಿದರಂತೆ. ಮುಚ್ಚುತ್ತೇನೆ ಎಂದ ಯಜಮಾನ ಮುಚ್ಚಲಿಲ್ಲ. ಯಾಕೆಂದು ನನಗೆ ಪೂರ್ತಿ ಗೊತ್ತಿಲ್ಲ. ಆಗ್ಲಿಬಿಡಿ ತನ್ನ ಫೋನನ್ನು ಅವನ ಮುಂದೆ ಇಟ್ಟು, ಅವತ್ತೇ ಕಳಿಸಿದ್ದರೆ ಇದನ್ನು ಆಸ್ಪತ್ರೆಯವರು ಓದುತ್ತಿದ್ದರು ಎಂದನಂತೆ. ಅಷ್ಟು ಮಾತ್ರ ಕೇಳಿದ್ದೇನೆ.

'ಹೊಸದೇನು' ಓದಲು ಅವಳು ಸ್ಟೂಲು ಎಳೆದುಕೊಂಡು ಕೂತಾಗ ನಾನು ಕಿವಿ ನಿಮಿರಿಸಿದೆ. "'ಒತ್ತಿ ಹಿಡಿದರೂ ಸ್ವಿಚ್ಚು ಒಮ್ಮೆ ಮಾತ್ರ ಬದಲಾಗುತ್ತದೆ.'"

"ಇಷ್ಟೇನಾ? ನನ್ನ ಹೆಸರು?"

"ಅದರಲ್ಲಿ ನನ್ನ ಹೆಸರೂ ಇಲ್ಲ ದೊಡ್ಡಮ್ಮ."

"ಹಾಗಾದ್ರೆ ಆ ಕೋಟಿನದಾದ್ರೂ ಹಾಕ್ಬೇಕಿತ್ತು" ಎಂದಳು ಮಗಳು. ದರ್ಜಿ ಬಾಗಿಲಲ್ಲಿ ನಿಂತು ಕೇಳಿ, ಪುಸ್ತಕವಿಲ್ಲದ ಲೈಬ್ರರಿಗೆ ಹೆಸರಿಲ್ಲದ ಬರಹ, ಸರಿಹೋಯಿತು ಎಂದ.

ಆಮೇಲೂ ಅವಳು ನಮ್ಮಲ್ಲಿ ಬಹಳ ಕಾಲ ಇದ್ದಳು. ಎಷ್ಟೋ ಅಪ್‌ಡೇಟ್‌ಗಳನ್ನು ನನ್ನ ಮೇಜಿನ ಮುಂದೆ ಓದಿದಳು. ಕಣ್ಣು ಮಂಜಾದವರಿಗೆ ಅಕ್ಷರ ದಪ್ಪವಾಗುವುದು ಬಂತು, ಮೌಸೇ ಇಲ್ಲದೆ ಕೀಲಿಮಣೆಯಿಂದಲೇ ಎಲ್ಲವನ್ನೂ ನಡೆಸುವುದು ಬಂತು. ಬಚ್ಚಿಟ್ಟ ಗಂಟೆಯನ್ನು ಮಗಳು ತಾನಾಗಿಯೇ ಹೊರಗೆ ತಂದಿಟ್ಟಳು. ಕೊನೆಗೆ ಕಂಪನಿ ತನ್ನ ಕಚೇರಿಯನ್ನು ದೂರದ ಊರಿಗೆ ಒಯ್ದಿತು. ಅವಳ ವಿಭಾಗದಲ್ಲಿ ಆಗ ಕುರ್ಚಿಗಳು ಹೆಚ್ಚಾಗಿದ್ದವು, ಅವರಿಗೆಲ್ಲ ಕಲಿಸುವವಳು ಇವಳೇ. ಹೋಗಲೇಬೇಕಾಯಿತು.

ಹೊರಡುವ ದಿನ ಮೇಲಿನ ಗೋಡೆಯ ಸ್ವಿಚ್ಚನ್ನು ಬಿಚ್ಚಿಸಿ ಕೊಡುತ್ತೇನೆ, ತೆಗೆದುಕೊಂಡು ಹೋಗು ಎಂದೆ. ಬೇಡ ಎಂದಳು. ಮುಂದೆ ಬರುವವರಿಗೆ ಇರಲಿ, ಕಿಟಕಿ ನೋಡೋಕೆ ಮುಂಚೆ ಅದನ್ನ ತೋರಿಸಿ ಎಂದಳು. ಗಾಡಿ ಹತ್ತಿ ಕೂತವಳು ಏನೋ ಮರೆತವಳಂತೆ ಮತ್ತೆ ಇಳಿದಳು. ಕಾಲು ನೋಡಿದೆ, ಎರಡೂ ಅವಳದೇ ಚಪ್ಪಲಿ. ನೇರವಾಗಿ ನನ್ನ ಮೇಜಿನ ಹತ್ತಿರ ಬಂದು, ಮೌಸು ಎಡಗಡೆಗೇ ಇದೆಯೇ ಎಂದು ನೋಡಿ, ಗಂಟೆಯನ್ನು ಒಮ್ಮೆ ಟಿಣ್ ಅನ್ನಿಸಿದಳು.

"ದೊಡ್ಡಮ್ಮ, ನಾಳೆ ಹೊಸ ಅಪ್‌ಡೇಟ್ ಬರುತ್ತೆ. ನಾನು ಮಾಡಿದ್ದು ಅಂತ ಮೆತ್ತಗೆ ಒತ್ತಬೇಡಿ. ಕೈಯಲ್ಲಿ ಇಸ್ತ್ರಿ ಹಿಡ್ಕೊಂಡು ಒತ್ತಿ."